ಐದೂವರೆ ಗಂಟೆ ಎಲ್ಲಿ ಹೋಯಿತು?



‘ಸರ್ವರ್ ಡೌನ್’ ಎಂಬ ಮಾತನ್ನು ಕೇಳದ ಮನೆ ಇಂದು ನಮ್ಮ ನಡುವೆ ಇರಲಾರದು. ಪಡಿತರ ಅಂಗಡಿಯಲ್ಲಿ ಬೆರಳು ಒತ್ತಲು ಸರದಿಯಲ್ಲಿ ನಿಂತವರು ಇದನ್ನು ಕೇಳಿದ್ದಾರೆ. ಮಗನ ಫಲಿತಾಂಶ ನೋಡಲು ಸೈಬರ್ ಸೆಂಟರಿಗೆ ಹೋದ ತಾಯಿ ಕೇಳಿದ್ದಾರೆ. ಮಳೆ ಬಂತು, ಕರೆಂಟು ಹೋಯಿತು ಎಂಬಂತೆ ಇದನ್ನೂ ಹೇಳಿಬಿಡುತ್ತಾರೆ. ಕೇಳಿದವರೂ ಮರುಮಾತಿಲ್ಲದೆ ಮನೆಗೆ ಮರಳುತ್ತಾರೆ. ಆದರೆ ಸರ್ವರ್ ಎಂಬುದು ಮಳೆಯಲ್ಲ. ಅದನ್ನು ಕಟ್ಟಿದವರು ಮನುಷ್ಯರು. ಅದು ಕೆಟ್ಟರೆ ಅದಕ್ಕೊಂದು ಕಾರಣವಿರುತ್ತದೆ. ತಾಳ್ಮೆಯಿಂದ ಹುಡುಕಿದರೆ ಆ ಕಾರಣ ಸಿಗುತ್ತದೆ.

ನಮ್ಮ ಅನೇಕ ಮನೆಗಳಲ್ಲಿ ಇಂದು ಬಿಸಿಎ, ಬಿಇ ಓದುವ ಮಕ್ಕಳಿದ್ದಾರೆ. ಮದುವೆಯಾದ ಬಳಿಕ ಮನೆಯಲ್ಲೇ ಕುಳಿತು ವೆಬ್‌ಸೈಟ್ ಕೆಲಸ ಮಾಡುವ ಸಹೋದರಿಯರೂ ಇದ್ದಾರೆ. ಈ ಸಲದ ಅಂಕಣ ಅವರಿಗಾಗಿ. ಅವರ ತಂದೆ ತಾಯಿಯೂ ಓದಬಹುದು, ಅರ್ಥವಾಗದಂಥದ್ದೇನೂ ಇದರಲ್ಲಿಲ್ಲ. ನಾನು ಕಂಪ್ಯೂಟರ್ ಪದವೀಧರನಲ್ಲ. ಮದ್ರಸದಲ್ಲಿ ಕಲಿತು ಬಳಿಕ ಬಿ.ಎ. ಮಾಡಿದ ಒಬ್ಬ ಅಧ್ಯಾಪಕ. ವಿದ್ಯಾರ್ಥಿವೇತನ ನೀಡುವ ಸಣ್ಣ ಸಮಿತಿಯೊಂದರ ವೆಬ್‌ಸೈಟನ್ನು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಜೊತೆ ಸೇರಿ ನೋಡಿಕೊಳ್ಳುವ ಹೊಣೆ ಹೆಗಲಿಗೆ ಬಿದ್ದದ್ದರಿಂದ ಕಲಿಯಬೇಕಾಯಿತು. ಕಲಿತದ್ದರಲ್ಲಿ ಹೆಚ್ಚಿನದು ತಪ್ಪು ಮಾಡಿ ಕಲಿತದ್ದು. ಅಂಥ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಪಟ್ಟಿಯಲ್ಲಿ ಇಲ್ಲದ ಹೆಸರು

2022ರ ಜೂನ್ 1ರಿಂದ 15ರವರೆಗೆ ನಮ್ಮ ಸೈಟಿನಲ್ಲಿ ಅರ್ಜಿ ಸ್ವೀಕರಿಸಿದೆವು. ಸಂದರ್ಶನಕ್ಕೆ ಕರೆಯುವವರ ಪಟ್ಟಿ ಪ್ರಕಟವಾದ ಮರುದಿನ ಒಬ್ಬ ತಂದೆ ತಮ್ಮ ಮಗಳನ್ನು ಕರೆದುಕೊಂಡು ಬಂದರು. ಮೀನಿನ ದಕ್ಕೆಯಲ್ಲಿ ದುಡಿಯುವವರು.

“ಉಸ್ತಾದ್, ಇವಳು ಅರ್ಜಿ ಹಾಕಿದ್ದಾಳಂತೆ. ಪಟ್ಟಿಯಲ್ಲಿ ಹೆಸರಿಲ್ಲ. ಒಮ್ಮೆ ನೋಡ್ತೀರಾ?” ಎಂದರು.

ನಾನು ಪಟ್ಟಿ ತೆರೆದು ಹೆಸರು ಹುಡುಕಿದೆ. ಇರಲಿಲ್ಲ. ಹುಡುಗಿ ತನ್ನ ನೋಟ್ ಪುಸ್ತಕ ತೆರೆದು, ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದ ಅರ್ಜಿ ಸಂಖ್ಯೆಯನ್ನು ತೋರಿಸಿದಳು. ನಾನು ಅದನ್ನು ಸರಿಯಾಗಿ ನೋಡಲೂ ಇಲ್ಲ.

“ಕೊನೆಯ ಬಟನ್ ಒತ್ತಿರಲಿಕ್ಕಿಲ್ಲ ಮಗಳೇ. ಅರ್ಧದಲ್ಲಿ ಬಿಟ್ಟಿರಬೇಕು” ಎಂದೆ.

ತಂದೆ ಮಗಳ ಕಡೆ ತಿರುಗಿದರು. “ನಾನು ಆಗಲೇ ಹೇಳಿದೆ, ನಿದ್ದೆಗಣ್ಣಿನಲ್ಲಿ ಏನೋ ಒತ್ತಿದ್ದೀ ಅಂತ” ಎಂದು ಗದರಿಸಿದರು. ಹುಡುಗಿ ಪುಸ್ತಕ ಮುಚ್ಚಿದಳು. ಒಂದು ಮಾತೂ ಆಡಲಿಲ್ಲ. ಇಬ್ಬರೂ ಹೊರಟುಹೋದರು.

ರಾತ್ರಿ ಮಲಗಿದಾಗ ಒಂದು ಪ್ರಶ್ನೆ ಕಾಡತೊಡಗಿತು. ನಮ್ಮ ಸೈಟಿನಲ್ಲಿ ಅರ್ಜಿ ಸಂಖ್ಯೆ ಹುಟ್ಟುವುದೇ ಅರ್ಜಿ ದಾಖಲಾದ ಮೇಲೆ. ಕೊನೆಯ ಬಟನ್ ಒತ್ತದ ಹುಡುಗಿಯ ಪುಸ್ತಕದಲ್ಲಿ ಆ ಸಂಖ್ಯೆ ಹೇಗೆ ಬಂತು?

ಉತ್ತರವನ್ನು ಕೊನೆಗೆ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ ತೆರೆಯ ಹಿಂದೆ ನಡೆಯುವುದೇನು ಎಂಬುದನ್ನು ಮೊದಲು ತಿಳಿಯಬೇಕು.

ಒಂದು ಹೋಟೆಲನ್ನು ನೆನೆದುಕೊಳ್ಳಿ

ನೀವು ಹೋಟೆಲಿಗೆ ಹೋಗಿ ಕುಳಿತಿರಿ. ಸಪ್ಲಾಯರ್ ಬಂದು ಏನು ಬೇಕೆಂದು ಕೇಳುತ್ತಾನೆ, ಒಳಗೆ ಹೋಗಿ ಅಡುಗೆಯವರಿಗೆ ಹೇಳುತ್ತಾನೆ. ಅಡುಗೆಯವರು ಉಗ್ರಾಣದಿಂದ ಸಾಮಾನು ತರಿಸಿ ಬೇಯಿಸಿ ಕೊಡುತ್ತಾರೆ. ಸಪ್ಲಾಯರ್ ಅದನ್ನು ನಿಮ್ಮ ಮೇಜಿಗೆ ತರುತ್ತಾನೆ. ವೆಬ್‌ಸೈಟ್ ಕೆಲಸ ಮಾಡುವುದೂ ಹೀಗೆಯೇ. ನಿಮ್ಮ ಮೊಬೈಲಿನ ಬ್ರೌಸರ್ ಗಿರಾಕಿ. ಅಪಾಚಿ ಅಥವಾ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಸಪ್ಲಾಯರ್. ನಾವು ಬರೆದ ಪ್ರೋಗ್ರಾಂ ಅಡುಗೆಯವರು. ಡೇಟಾಬೇಸ್ ಉಗ್ರಾಣ. ನಮ್ಮ ಸೈಟಿನ ಪ್ರೋಗ್ರಾಂ ಪಿಎಚ್‌ಪಿ ಭಾಷೆಯಲ್ಲಿದೆ, ಉಗ್ರಾಣ ಮೈಎಸ್‌ಕ್ಯೂಎಲ್. ಎರಡೂ 1995ರಲ್ಲಿ ಹೊರಬಂದವು, ಇಂದಿಗೂ ಸಣ್ಣ ಸಂಸ್ಥೆಗಳ ಅಸಂಖ್ಯ ಸೈಟುಗಳನ್ನು ಇವೇ ನಡೆಸುತ್ತಿವೆ.

ಊಟ ಬರಲಿಲ್ಲವೆಂದಾದರೆ ಎಲ್ಲರೂ ಸಪ್ಲಾಯರನ್ನು ಬೈಯುತ್ತಾರೆ. ಆದರೆ ತಪ್ಪು ಎಲ್ಲಿಯೂ ಇರಬಹುದು. ಉಗ್ರಾಣದ ಬೀಗ ತೆರೆಯದೇ ಇರಬಹುದು, ಅಡುಗೆಯವರಿಗೆ ಚೀಟಿ ಅರ್ಥವಾಗದೇ ಇರಬಹುದು. ಆದ್ದರಿಂದ ಪರಿಹಾರದ ಮೊದಲ ಹೆಜ್ಜೆ ಸರಪಳಿಯ ಯಾವ ಕೊಂಡಿ ತಪ್ಪಿದೆ ಎಂದು ಕಂಡುಕೊಳ್ಳುವುದು. ಅದಕ್ಕೆ ಮೊದಲು ಪ್ರೋಗ್ರಾಂ ತಿದ್ದಲು ಕೈ ಹಾಕಬಾರದು.

ಅಂಕೆಗಳು ಹೇಳುವ ಮಾತು

ಸೈಟ್ ಕೆಟ್ಟಾಗ ತೆರೆಯ ಮೇಲೆ ಮೂರಂಕಿಯ ಸಂಖ್ಯೆಯೊಂದು ಬರುವುದನ್ನು ನೀವು ಗಮನಿಸಿರಬಹುದು. ಇದು ಅರ್ಥವಿಲ್ಲದ ಅಂಕೆಯಲ್ಲ. 4ರಿಂದ ಆರಂಭವಾದರೆ ‘ಕೇಳಿದ ಬಗೆಯಲ್ಲಿ ತೊಂದರೆ’ ಎಂದೂ, 5ರಿಂದ ಆರಂಭವಾದರೆ ‘ಕೊಡುವ ನಮ್ಮಲ್ಲೇ ತೊಂದರೆ’ ಎಂದೂ ಅರ್ಥ.

404 ಎಂದರೆ ಕೇಳಿದ ತಿಂಡಿ ಈ ಹೋಟೆಲಿನಲ್ಲಿ ಇಲ್ಲ. 403 ಎಂದರೆ ಒಳಗೆ ಬರಲು ನಿಮಗೆ ಅನುಮತಿ ಇಲ್ಲ. 500 ಎಂದರೆ ಅಡುಗೆಮನೆಯಲ್ಲೇ ಏನೋ ಅನಾಹುತವಾಗಿದೆ. 502 ಎಂದರೆ ಸಪ್ಲಾಯರ್ ಒಳಗೆ ಹೋದ, ಅಡುಗೆಯವರಿಂದ ಅರ್ಥವಾಗುವ ಉತ್ತರ ಬರಲಿಲ್ಲ. 503 ಎಂದರೆ ಈಗ ನಿಭಾಯಿಸಲಾಗುತ್ತಿಲ್ಲ, ಸ್ವಲ್ಪ ತಡೆದು ಬನ್ನಿ. 504 ಎಂದರೆ ಕಾದು ಕಾದು ಸಪ್ಲಾಯರ್ ಬರಿಗೈಯಲ್ಲಿ ಮರಳಿದ. ಎಂಜಿನ್‌ಎಕ್ಸ್ ಸಾಮಾನ್ಯವಾಗಿ 60 ಸೆಕೆಂಡು ಕಾಯುತ್ತದೆ, ಬಳಿಕ ಕೈ ಬಿಡುತ್ತದೆ.

ಸೈಟ್ ನೋಡಿಕೊಳ್ಳುವವರಿಗೆ ಯಾರಾದರೂ ದೂರು ಹೇಳುವುದಾದರೆ ‘ಓಪನ್ ಆಗುತ್ತಿಲ್ಲ’ ಎನ್ನುವ ಬದಲು ಈ ಅಂಕೆಯನ್ನೂ ಸಮಯವನ್ನೂ ಹೇಳಿದರೆ ಅರ್ಧ ಕೆಲಸ ಮುಗಿಯುತ್ತದೆ. ತೆರೆಯ ಚಿತ್ರ ತೆಗೆದು ಕಳುಹಿಸಿದರೆ ಇನ್ನೂ ಒಳ್ಳೆಯದು.

ಬಿಳಿ ಪುಟದ ಹಿಂದೆ

ಹೊಸದಾಗಿ ಕಲಿಯುವವರನ್ನು ಹೆಚ್ಚು ಹೆದರಿಸುವುದು ಬರೀ ಬಿಳಿ ಪುಟ. ಅಕ್ಷರವಿಲ್ಲ, ಅಂಕೆಯಿಲ್ಲ. ನಮ್ಮ ಸೈಟ್ ಒಮ್ಮೆ ಹೀಗಾದಾಗ ನಾನು ಪ್ರೋಗ್ರಾಮಿನ ಸಾಲುಗಳನ್ನು ಒಂದೊಂದಾಗಿ ಅಳಿಸಿ ನೋಡಿದೆ. ಮಧ್ಯಾಹ್ನದಿಂದ ಸಂಜೆಯಾಯಿತು. ನನ್ನ ವಿದ್ಯಾರ್ಥಿನಿ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಸರ್, ಎರರ್ ಲಾಗ್ ನೋಡಿದ್ರಾ?”

ನೋಡಿರಲಿಲ್ಲ. ಅಂಥದ್ದೊಂದು ಇದೆ ಎಂದೇ ತಿಳಿದಿರಲಿಲ್ಲ.

ಲಾಗ್ ಎಂದರೆ ಸರ್ವರ್ ತಾನೇ ಬರೆದಿಡುವ ದಿನಚರಿ. ಯಾರು ಬಂದರು, ಏನು ಕೇಳಿದರು ಎಂಬುದು ಒಂದು ಪುಸ್ತಕದಲ್ಲಿ, ಅದಕ್ಕೆ ಆಕ್ಸೆಸ್ ಲಾಗ್ ಎನ್ನುತ್ತಾರೆ. ಎಲ್ಲಿ ಎಡವಿತು ಎಂಬುದು ಇನ್ನೊಂದು ಪುಸ್ತಕದಲ್ಲಿ, ಅದೇ ಎರರ್ ಲಾಗ್. ಬಾಡಿಗೆಯ ಹೋಸ್ಟಿಂಗ್‌ನಲ್ಲಿ ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲೇ ಇದನ್ನು ನೋಡಬಹುದು. ಉಬುಂಟು ಸರ್ವರ್ ಆಗಿದ್ದರೆ ‘ವಾರ್’ ಎಂಬ ಫೋಲ್ಡರಿನೊಳಗೆ ‘ಲಾಗ್’ ಎಂಬ ಫೋಲ್ಡರ್ ಇರುತ್ತದೆ. ಯಾವ ಫೈಲಿನ ಎಷ್ಟನೇ ಸಾಲಿನಲ್ಲಿ ತಪ್ಪು ಎಂಬುದನ್ನೂ ಅದು ಹೇಳುತ್ತದೆ. ಅರಬಿ ವ್ಯಾಕರಣ ಕಲಿತವರಿಗೆ ಗೊತ್ತು, ಅಕ್ಷರದ ಮೇಲಿನ ಒಂದು ಸಣ್ಣ ಗೆರೆ ಕೆಳಗೆ ಬಂದರೆ ಕರ್ತೃ ಕರ್ಮವೆಲ್ಲ ಅದಲುಬದಲಾಗುತ್ತದೆ. ಪ್ರೋಗ್ರಾಮಿನಲ್ಲೂ ಒಂದು ಅರ್ಧವಿರಾಮ ಬಿಟ್ಟರೆ ಇಡೀ ಪುಟ ನಿಲ್ಲುತ್ತದೆ. ಗಮನಿಸಿ, ಸಾಲು 40ರಲ್ಲಿ ತಪ್ಪು ಎಂದು ಹೇಳಿದರೆ 39ನೇ ಸಾಲನ್ನೂ ನೋಡಬೇಕು. ಬಿಟ್ಟುಹೋದ ಚಿಹ್ನೆ ಅಲ್ಲಿನದಾಗಿರಬಹುದು.

ಅಂದು ನಮ್ಮ ಲಾಗ್ ಹೇಳಿದ ಕಾರಣ ಬೇರೆಯೇ ಆಗಿತ್ತು. ಹೋಸ್ಟಿಂಗ್ ಕೊಟ್ಟವರು ಪಿಎಚ್‌ಪಿಯನ್ನು ಹಳೆಯ ಆವೃತ್ತಿಯಿಂದ ಹೊಸದಕ್ಕೆ ಏರಿಸಿದ್ದರು. ಡೇಟಾಬೇಸಿನ ಜೊತೆ ಮಾತಾಡುವ ಹಳೆಯ ‘ಮೈಎಸ್‌ಕ್ಯೂಎಲ್ ಕನೆಕ್ಟ್’ ಮೊದಲಾದ ಆಜ್ಞೆಗಳನ್ನು 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲಿ ಕಿತ್ತುಹಾಕಲಾಗಿದೆ. ನಮ್ಮ ಪ್ರೋಗ್ರಾಂ ಇನ್ನೂ ಅವುಗಳನ್ನೇ ಕರೆಯುತ್ತಿತ್ತು. ಪ್ರೋಗ್ರಾಮನ್ನು ನಾವು ಮುಟ್ಟಿರಲಿಲ್ಲ, ನಿಜ. ಆದರೆ ಅದರ ಕೆಳಗಿನ ನೆಲ ಬದಲಾಗಿತ್ತು. ಇಂದು ಆ ಕೆಲಸಕ್ಕೆ ಪಿಡಿಒ ಅಥವಾ ಮೈಎಸ್‌ಕ್ಯೂಎಲ್‌ಐ ಬಳಸಬೇಕು.

ಇನ್ನೊಂದು ಎಚ್ಚರಿಕೆ. ಕಲಿಯುವಾಗ ತಪ್ಪುಗಳನ್ನು ತೆರೆಯ ಮೇಲೆಯೇ ತೋರಿಸುವಂತೆ ಮಾಡಿಕೊಳ್ಳುತ್ತೇವೆ. ಸೈಟ್ ಜನರ ಬಳಕೆಗೆ ಬಂದ ಮೇಲೆ ಅದನ್ನು ನಿಲ್ಲಿಸಿ, ಲಾಗಿಗೆ ಮಾತ್ರ ಹೋಗುವಂತೆ ಮಾಡಬೇಕು. ಇಲ್ಲವಾದರೆ ಡೇಟಾಬೇಸಿನ ಹೆಸರು, ಫೋಲ್ಡರುಗಳ ದಾರಿ ಎಲ್ಲವೂ ಬೀದಿಯಲ್ಲಿ ಹೋಗುವವರಿಗೂ ಕಾಣುತ್ತದೆ.

ತುಂಬಿದ ಅರ್ಜಿ ಖಾಲಿಯಾದಾಗ

ಒಬ್ಬ ತಾಯಿ ಫೋನ್ ಮಾಡಿ ಹೇಳಿದ್ದರು: “ಎಲ್ಲ ತುಂಬಿದ್ದೇನೆ. ಕಳುಹಿಸಿದರೆ ‘ಹೆಸರು ಬರೆದಿಲ್ಲ’ ಅಂತ ಕೆಂಪಕ್ಷರ ಬರುತ್ತದೆ.” ಮತ್ತೊಮ್ಮೆ ತುಂಬಿಸಿ ಎಂದೆವು. ಮೂರು ಸಲ ತುಂಬಿದರು. ಮೂರು ಸಲವೂ ಅದೇ ಉತ್ತರ.

ಕಾರಣ ಏನು ಗೊತ್ತೇ? ಪಿಎಚ್‌ಪಿ ತಾನಾಗಿ ಒಪ್ಪುವ ಫೈಲಿನ ಗಾತ್ರ 2 ಎಂಬಿ, ಇಡೀ ಅರ್ಜಿಯ ಗಾತ್ರ 8 ಎಂಬಿ. ಒಂದು ಫೈಲ್ 2 ಎಂಬಿ ದಾಟಿದರೆ ಆ ಫೈಲ್ ಮಾತ್ರ ಸೇರುವುದಿಲ್ಲ. ಒಟ್ಟು 8 ಎಂಬಿ ದಾಟಿದರೆ ಹೆಸರು, ವಿಳಾಸ, ಅಂಕ ಎಲ್ಲವನ್ನೂ ಪಿಎಚ್‌ಪಿ ಬಿಟ್ಟುಬಿಡುತ್ತದೆ. ನಮ್ಮ ಪ್ರೋಗ್ರಾಮಿಗೆ ಸಿಗುವುದು ಖಾಲಿ ಅರ್ಜಿ. ಅದು ಪಾಪ, ‘ಹೆಸರು ಬರೆದಿಲ್ಲ’ ಎನ್ನುತ್ತದೆ. ಆ ತಾಯಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಮತ್ತು ಫೋಟೋವನ್ನು ಹೊಸ ಮೊಬೈಲಿನಲ್ಲಿ ತೆಗೆದು ಹಾಕಿದ್ದರು. ಒಂದೊಂದೂ 4 ಎಂಬಿಯಷ್ಟು ಇತ್ತು.

ಮಿತಿಯನ್ನು ಅಗತ್ಯವಿದ್ದಷ್ಟು ಏರಿಸಬಹುದು. ಎಂಜಿನ್‌ಎಕ್ಸ್ ಇದ್ದರೆ ಅದಕ್ಕೆ ಪ್ರತ್ಯೇಕ ಮಿತಿ ಇದೆ, ಅದು ಮೊದಲಿಗೆ 1 ಎಂಬಿ ಮಾತ್ರ. ದಾಟಿದರೆ 413 ಎಂಬ ಅಂಕೆ ಬರುತ್ತದೆ. ಎರಡನ್ನೂ ಸರಿಪಡಿಸಬೇಕು. ಅದಕ್ಕಿಂತ ಮುಖ್ಯ, ಕಳುಹಿಸುವ ಮೊದಲೇ ‘ಫೋಟೋ ದೊಡ್ಡದಾಯಿತು’ ಎಂದು ಕನ್ನಡದಲ್ಲಿ ಹೇಳುವ ವ್ಯವಸ್ಥೆ ಮಾಡಬೇಕು. ಇಲ್ಲವಾದರೆ ಸರಿಯಾಗಿ ತುಂಬಿದವರಿಗೇ ತಪ್ಪು ತುಂಬಿದಿರಿ ಎಂದು ಹೇಳಿದಂತಾಗುತ್ತದೆ.

ಡಿ'ಸೋಜಾ ಮನೆಯ ಮಗು

ನಮ್ಮ ಸಮಿತಿಯ ವಿದ್ಯಾರ್ಥಿವೇತನ ಎಲ್ಲ ಸಮುದಾಯದ ಮಕ್ಕಳಿಗೂ ಇದೆ. ಡಿ'ಸೋಜಾ ಎಂಬ ಕುಲನಾಮದ ಹುಡುಗ ಅರ್ಜಿ ಹಾಕಿದರೆ ಮಾತ್ರ 500 ಬರುತ್ತಿತ್ತು. ಅವನ ಗೆಳೆಯರ ಅರ್ಜಿಗಳೆಲ್ಲ ಸಲೀಸಾಗಿ ಹೋಗುತ್ತಿದ್ದವು.

ಇಂಗ್ಲಿಷಿನಲ್ಲಿ ಆ ಹೆಸರು ಬರೆಯುವಾಗ ನಡುವೆ ಒಂದು ಅಪಾಸ್ಟ್ರಫಿ ಬರುತ್ತದೆ. ಡೇಟಾಬೇಸಿಗೆ ಕೊಡುವ ಆಜ್ಞೆಯಲ್ಲಿ ಹೆಸರಿನ ಆರಂಭ, ಅಂತ್ಯಗಳನ್ನು ಗುರುತಿಸುವುದೂ ಅದೇ ಚಿಹ್ನೆ. ನಾವು ಹೆಸರನ್ನು ನೇರವಾಗಿ ಆಜ್ಞೆಯ ನಡುವೆ ಅಂಟಿಸಿದ್ದೆವು. ‘ಡಿ’ ಅಕ್ಷರಕ್ಕೇ ಹೆಸರು ಮುಗಿಯಿತೆಂದು ಡೇಟಾಬೇಸ್ ತಿಳಿಯಿತು, ಉಳಿದ ‘ಸೋಜಾ’ ಎಂಬುದನ್ನು ಆಜ್ಞೆಯ ಭಾಗವೆಂದು ಓದಲು ಹೋಗಿ ಎಡವಿತು.

ಇದನ್ನು ಸಣ್ಣ ತೊಂದರೆ ಎಂದುಕೊಳ್ಳಬೇಡಿ. ಒಬ್ಬ ಮುಗ್ಧ ಹುಡುಗನ ಹೆಸರು ಆಜ್ಞೆಯನ್ನು ಮುರಿಯಬಲ್ಲುದಾದರೆ, ಕೆಟ್ಟ ಉದ್ದೇಶದವನು ಅದೇ ಜಾಗದಲ್ಲಿ ತನ್ನ ಆಜ್ಞೆಯನ್ನೇ ಬರೆದು ಎಲ್ಲರ ಮಾಹಿತಿಯನ್ನು ಕದಿಯಬಲ್ಲ. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುತ್ತಾರೆ. ಅಪಾಸ್ಟ್ರಫಿ ಹಾಕಬಾರದೆಂದು ನಿಯಮ ಮಾಡುವುದು ಪರಿಹಾರವಲ್ಲ. ಅದು ಮಗುವಿನ ಹೆಸರನ್ನು ಕೆಡಿಸಿದ ಹಾಗೆ. ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’ ಎಂಬ ಕ್ರಮ ಬಳಸಿರಿ. ಅದರಲ್ಲಿ ಆಜ್ಞೆ ಬೇರೆ, ಮಾಹಿತಿ ಬೇರೆಯಾಗಿ ಹೋಗುತ್ತದೆ. ಹೆಸರಿನಲ್ಲಿ ಏನೇ ಇರಲಿ, ಅದು ಹೆಸರಾಗಿಯೇ ಉಳಿಯುತ್ತದೆ.

ಹೆಸರು ಪ್ರಶ್ನೆಯಾದಾಗ

ಕನ್ನಡದಲ್ಲಿ ಸೈಟ್ ಮಾಡುವವರಿಗೆ ಬರುವ ಇನ್ನೊಂದು ತೊಂದರೆ ಇದು. ಅರ್ಜಿಯಲ್ಲಿ ‘ಫಾತಿಮಾ’ ಎಂದು ಬರೆದದ್ದು ಪಟ್ಟಿಯಲ್ಲಿ ‘??????’ ಎಂದು ಬರುತ್ತದೆ. ಮೈಎಸ್‌ಕ್ಯೂಎಲ್ 2018ರಲ್ಲಿ 8ನೇ ಆವೃತ್ತಿಗೆ ಬರುವವರೆಗೆ, ನಾವಾಗಿ ಹೇಳದಿದ್ದರೆ, ಲ್ಯಾಟಿನ್ ಅಕ್ಷರಗಳ ಪೆಟ್ಟಿಗೆಯನ್ನೇ ಬಳಸುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಹಿಡಿಸದ ಒಂದೊಂದು ಅಕ್ಷರಕ್ಕೂ ಅದು ಪ್ರಶ್ನಾರ್ಥಕ ಚಿಹ್ನೆ ಬರೆದಿಡುತ್ತದೆ. ಹಾಗೆ ಬರೆದ ಮೇಲೆ ಮೂಲ ಹೆಸರನ್ನು ಮರಳಿ ಪಡೆಯಲಾಗದು. ಆದ್ದರಿಂದ ಡೇಟಾಬೇಸ್, ಅದರೊಳಗಿನ ಟೇಬಲ್, ಪ್ರೋಗ್ರಾಂ ಅದಕ್ಕೆ ಕಟ್ಟುವ ಸಂಪರ್ಕ ಈ ಮೂರನ್ನೂ ‘ಯುಟಿಎಫ್8ಎಂಬಿ4’ಗೆ ಇಡಬೇಕು. ಒಂದನ್ನು ಮರೆತರೂ ಕೆಡುತ್ತದೆ.

ಉದ್ದದ ಲೆಕ್ಕವೂ ಬೇರೆ. ‘ಫಾತಿಮಾ’ ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರ್ ಫ, ದೀರ್ಘ, ತ, ಗುಡಿಸು, ಮ, ದೀರ್ಘ ಎಂದು 6 ಸಂಕೇತಗಳಾಗಿ ಎಣಿಸುತ್ತದೆ. ಒಂದೊಂದಕ್ಕೂ 3 ಬೈಟ್ ಬೇಕು, ಒಟ್ಟು 18. ಪಿಎಚ್‌ಪಿಯ ಸಾಮಾನ್ಯ ಉದ್ದದ ಆಜ್ಞೆ ಹೇಳುವುದು ಈ 18ನ್ನು. ಇದನ್ನು ನಂಬಿ ಹೆಸರಿಗೆ 20ರ ಮಿತಿ ಹಾಕಿದರೆ ಇಂಗ್ಲಿಷ್ ಹೆಸರುಗಳು ಹಿಡಿಸುತ್ತವೆ, ಕನ್ನಡದ ಹೆಸರುಗಳು ನಡುವೆ ತುಂಡಾಗುತ್ತವೆ. ಕನ್ನಡಕ್ಕೆ ‘ಎಂಬಿ’ ಎಂದು ಆರಂಭವಾಗುವ ಆಜ್ಞೆಗಳನ್ನೇ ಬಳಸಬೇಕು.

ಫಲಿತಾಂಶದ ದಿನ

ವರ್ಷವಿಡೀ ಸರಿಯಾಗಿದ್ದ ಸೈಟ್ ಫಲಿತಾಂಶದ ದಿನವೇ ಏಕೆ ಕುಸಿಯುತ್ತದೆ? ಒಬ್ಬರು ಬಂದಾಗ ಕಾಣದ ದೋಷ ಸಾವಿರ ಮಂದಿ ಬಂದಾಗ ಕಾಣುತ್ತದೆ.

ನಮ್ಮಲ್ಲಿ ಆದದ್ದನ್ನು ಹೇಳುತ್ತೇನೆ. 300 ಮಕ್ಕಳ ಪಟ್ಟಿ ತೋರಿಸಲು ಪ್ರೋಗ್ರಾಂ ಮೊದಲು ಹೆಸರುಗಳನ್ನು ತರುತ್ತಿತ್ತು. ಬಳಿಕ ಒಬ್ಬೊಬ್ಬರ ಶಾಲೆಯ ಹೆಸರಿಗಾಗಿ ಪ್ರತ್ಯೇಕವಾಗಿ ಉಗ್ರಾಣಕ್ಕೆ ಹೋಗುತ್ತಿತ್ತು. ಒಂದು ಪುಟಕ್ಕೆ 301 ಓಡಾಟ! ಎರಡು ಟೇಬಲುಗಳನ್ನು ಜೋಡಿಸಿ ಕೇಳಿದರೆ ಒಂದೇ ಓಡಾಟದಲ್ಲಿ ಮುಗಿಯುತ್ತದೆ. ಎರಡನೆಯದು ಇಂಡೆಕ್ಸ್. ನಿಘಂಟು ಅಕಾರಾದಿಯಾಗಿರುವುದರಿಂದ ಪದ ಬೇಗ ಸಿಗುತ್ತದೆ. ಅಕಾರಾದಿ ಇಲ್ಲದ ನಿಘಂಟಿನಲ್ಲಿ ಒಂದು ಪದಕ್ಕಾಗಿ ಮೊದಲ ಪುಟದಿಂದ ಹುಡುಕಬೇಕು. ನೋಂದಣಿ ಸಂಖ್ಯೆಯಿಂದ ಹುಡುಕುವ ಟೇಬಲಿಗೆ ಆ ಸಂಖ್ಯೆಯ ಮೇಲೆ ಇಂಡೆಕ್ಸ್ ಇಲ್ಲದಿದ್ದರೆ ಡೇಟಾಬೇಸಿನ ಪಾಡೂ ಇದೇ.

ಮೈಎಸ್‌ಕ್ಯೂಎಲ್ ತಾನಾಗಿ ಒಮ್ಮೆಗೆ ಒಪ್ಪುವ ಸಂಪರ್ಕಗಳು 151. ಒಂದೊಂದು ಪುಟವೂ ನಿಧಾನವಾದರೆ ಹಳಬರು ಎದ್ದು ಹೋಗುವ ಮೊದಲೇ ಹೊಸಬರು ಬಂದು ತುಂಬುತ್ತಾರೆ. ‘ಟೂ ಮೆನಿ ಕನೆಕ್ಷನ್ಸ್’ ಎಂಬ ದೂರು ಬರುವುದು ಆಗ. ಮಿತಿ ಏರಿಸಿದರೆ ಸಾಕೆಂದು ಅನೇಕರು ತಿಳಿಯುತ್ತಾರೆ. ನಿಧಾನದ ಕಾರಣ ಹಾಗೆಯೇ ಉಳಿದರೆ ಏರಿಸಿದ ಮಿತಿಯೂ ತುಂಬುತ್ತದೆ, ಜೊತೆಗೆ ಮೆಮೊರಿಯೂ ಮುಗಿಯುತ್ತದೆ.

ಇದು ಸಣ್ಣವರ ತೊಂದರೆ ಮಾತ್ರವಲ್ಲ. ಅಮೆರಿಕ ಸರಕಾರ ಆರೋಗ್ಯ ವಿಮೆಗಾಗಿ ಅಪಾರ ಹಣ ಸುರಿದು ಕಟ್ಟಿದ ‘ಹೆಲ್ತ್‌ಕೇರ್ ಡಾಟ್ ಗವ್’ ಎಂಬ ಸೈಟ್ 2013ರ ಅಕ್ಟೋಬರ್ 1ರಂದು ಆರಂಭವಾಯಿತು. ಮೊದಲ ದಿನ ನೋಂದಣಿ ಪೂರ್ತಿ ಮಾಡಲು ಸಾಧ್ಯವಾದದ್ದು 6 ಮಂದಿಗೆ. ಅವಸರ ಮಾಡಿ, ಸಾಕಷ್ಟು ಪರೀಕ್ಷೆ ಮಾಡದೆ ಬಾಗಿಲು ತೆರೆದದ್ದು ಅದರ ಒಂದು ಮುಖ್ಯ ಕಾರಣವಾಗಿತ್ತು.

ಆ ಐದೂವರೆ ಗಂಟೆ

ಈಗ ದಕ್ಕೆಯವರ ಮಗಳ ವಿಷಯಕ್ಕೆ ಬರುತ್ತೇನೆ. ಮರುದಿನ ಬೆಳಿಗ್ಗೆ ನನ್ನ ವಿದ್ಯಾರ್ಥಿನಿಗೆ ಫೋನ್ ಮಾಡಿ ಸಂಗತಿ ತಿಳಿಸಿದೆ. ಮಡಿಲಲ್ಲಿ ಮಗುವನ್ನು ಇಟ್ಟುಕೊಂಡೇ ಅವಳು ಹುಡುಕತೊಡಗಿದಳು. ಪಟ್ಟಿಯನ್ನು ಬಿಟ್ಟು ನೇರವಾಗಿ ಟೇಬಲಿನಲ್ಲಿ ಆ ಸಂಖ್ಯೆ ಹುಡುಕಿದಾಗ ಅರ್ಜಿ ಇತ್ತು! ಹೆಸರು, ಅಂಕ, ಆದಾಯ ಪತ್ರ ಎಲ್ಲ ಸರಿಯಾಗಿತ್ತು. ದಿನಾಂಕ ಮಾತ್ರ ಮೇ 31.

“ಸರ್, ಜೂನ್ 1ಕ್ಕೆ ಮೊದಲೇ ಅರ್ಜಿ ಹೇಗೆ ಬಂತು?” ಎಂದಳು. ಆ ಪುಟವನ್ನು ಮೇ 31ರ ರಾತ್ರಿ 12 ಗಂಟೆಗೆ ನಾನೇ ಕೈಯಾರೆ ತೆರೆದಿದ್ದೆ. ಅದಕ್ಕೆ ಮೊದಲು ಯಾರಿಗೂ ಅದು ಕಾಣುವಂತಿರಲಿಲ್ಲ.

ಆಕ್ಸೆಸ್ ಲಾಗ್ ತೆರೆದೆವು. ಅರ್ಜಿ ಬಂದ ಸಾಲಿನಲ್ಲಿ ಮೇ 31, ಸಮಯ 23:35 ಎಂದಿತ್ತು. ಅದರ ಮುಂದೆ +0000 ಎಂದು ಬರೆದಿತ್ತು. ಆ ನಾಲ್ಕು ಸೊನ್ನೆಗಳನ್ನು ನೋಡಿದೊಡನೆ ಅವಳಿಗೆ ಅರ್ಥವಾಯಿತು. ನಮ್ಮ ಸರ್ವರಿನ ಗಡಿಯಾರ ಭಾರತದ್ದಲ್ಲ. ಅದು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ನಡೆಯುತ್ತಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿ ಮೇ 31ರ ರಾತ್ರಿ 11:35 ಆಗಿದ್ದಾಗ ಇಲ್ಲಿ ಜೂನ್ 1ರ ಬೆಳಗಿನ ಜಾವ 5:05.

ಪಟ್ಟಿ ತಯಾರಿಸುವಾಗ ನಾವು ‘ಜೂನ್ 1ರಿಂದ 15ರವರೆಗಿನ ಅರ್ಜಿಗಳನ್ನು ಮಾತ್ರ ತೆಗೆ’ ಎಂದು ಬರೆದಿದ್ದೆವು. ಮೇ ತಿಂಗಳಲ್ಲಿ ಪರೀಕ್ಷೆಗಾಗಿ ನಾವೇ ಹಾಕಿದ್ದ ಸುಳ್ಳು ಅರ್ಜಿಗಳನ್ನು ಬಿಡಿಸಲು ಮಾಡಿದ ಉಪಾಯ ಅದು. ಅವುಗಳ ಜೊತೆಗೆ ಮೊದಲ ದಿನ ಬೆಳಗಿನ 5:30ರೊಳಗೆ ಬಂದ ನಿಜವಾದ 3 ಅರ್ಜಿಗಳೂ ಹೊರಗೆ ಬಿದ್ದಿದ್ದವು.

ಅಷ್ಟು ಹೊತ್ತಿಗೆ ಅರ್ಜಿ ಹಾಕುವವರು ಯಾರು? ‘ನಿದ್ದೆಗಣ್ಣು’ ಎಂಬ ಮಾತು ಆಗ ನೆನಪಾಯಿತು. ಆ ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲ್. ತಂದೆ ಬೆಳಗಿನ ಜಾವ ದಕ್ಕೆಗೆ ಹೊರಡುವಾಗ ಅದನ್ನು ತೆಗೆದುಕೊಂಡು ಹೋಗುತ್ತಾರೆ. ಅವರು ಹೊರಡುವ ಮೊದಲು, ಎಲ್ಲರಿಗಿಂತ ಮುಂಚೆ, ಎದ್ದು ಕುಳಿತು ತುಂಬಿದ ಅರ್ಜಿ ಅದು. ನಾವು ಕೈಬಿಟ್ಟದ್ದು ಸೋಮಾರಿಗಳನ್ನಲ್ಲ, ಎಲ್ಲರಿಗಿಂತ ಹೆಚ್ಚು ಅಗತ್ಯವಿದ್ದವರನ್ನು.

ಇದಕ್ಕೆ ತಾಂತ್ರಿಕ ಪರಿಹಾರ ಸುಲಭ. ಸಮಯವನ್ನು ಯುಟಿಸಿಯಲ್ಲೇ ಸಂಗ್ರಹಿಸಿ, ತೋರಿಸುವಾಗ ಮತ್ತು ದಿನಾಂಕದಿಂದ ಆರಿಸುವಾಗ ‘ಏಷ್ಯಾ/ಕೋಲ್ಕತಾ’ ಸಮಯಕ್ಕೆ ಬದಲಾಯಿಸಬೇಕು. ಪಿಎಚ್‌ಪಿಯ ಗಡಿಯಾರ ಮತ್ತು ಮೈಎಸ್‌ಕ್ಯೂಎಲ್‌ನ ಗಡಿಯಾರ ಬೇರೆ ಬೇರೆಯಾಗಿರಬಹುದು, ಎರಡನ್ನೂ ನೋಡಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ‘ಟೈಮ್‌ಸ್ಟ್ಯಾಂಪ್’ ಎಂಬ ಬಗೆ ಸಂಪರ್ಕದ ಸಮಯಕ್ಕೆ ತಕ್ಕಂತೆ ಬದಲಾಗುತ್ತದೆ, ‘ಡೇಟ್‌ಟೈಮ್’ ಬರೆದಂತೆಯೇ ಉಳಿಯುತ್ತದೆ ಎಂಬುದನ್ನೂ ನೆನಪಿಡಬೇಕು. ಹೊಸ ಸೈಟ್ ಮಾಡಿದರೆ ಬೆಳಗಿನ ಜಾವ ಒಮ್ಮೆ ಪರೀಕ್ಷೆ ಮಾಡಿರಿ. ಹಗಲಿನಲ್ಲಿ ಮಾತ್ರ ಪರೀಕ್ಷಿಸಿದರೆ ಈ ದೋಷ ಎಂದೂ ಕಾಣುವುದಿಲ್ಲ. ನಮ್ಮ ಪರೀಕ್ಷೆಗಳೆಲ್ಲ ಶಾಲೆ ಬಿಟ್ಟ ಮೇಲೆ ಸಂಜೆ ನಡೆದಿದ್ದವು.

ಹುಡುಕುವ ಕ್ರಮ

ಇಷ್ಟು ವರ್ಷಗಳಲ್ಲಿ ನಾವು ಕಲಿತ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲು ದೂರನ್ನು ಪೂರ್ತಿ ಕೇಳಿರಿ, ಸಮಯ ಬರೆದುಕೊಳ್ಳಿರಿ. ಎರಡನೆಯದಾಗಿ, ಅದೇ ತಪ್ಪು ನಿಮ್ಮಲ್ಲೂ ಬರುವಂತೆ ಮಾಡಿ ನೋಡಿರಿ. ಮೂರನೆಯದಾಗಿ, ಲಾಗ್ ಓದಿರಿ. ನಾಲ್ಕನೆಯದಾಗಿ, ನಿನ್ನೆಯವರೆಗೆ ಸರಿಯಿದ್ದದ್ದು ಇಂದು ಕೆಟ್ಟಿದ್ದರೆ ನಡುವೆ ಬದಲಾದದ್ದೇನು ಎಂದು ಕೇಳಿಕೊಳ್ಳಿರಿ. ಡಿಸ್ಕ್ ತುಂಬಿದೆಯೇ ಎಂದು ನೋಡುವುದನ್ನೂ ಮರೆಯಬೇಡಿ. ಲಾಗುಗಳೇ ಬೆಳೆದು ಡಿಸ್ಕ್ ತುಂಬಿ ಸೈಟ್ ನಿಲ್ಲುವುದುಂಟು. ಐದನೆಯದಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿರಿ. ಐದು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು. ಫೈಲ್ ತೆರೆಯುತ್ತಿಲ್ಲವೆಂದು ಎಲ್ಲರಿಗೂ ಎಲ್ಲ ಅನುಮತಿ ಕೊಡುವ 777 ಎಂಬ ಅಡ್ಡದಾರಿಗೆ ಹೋಗಬೇಡಿ. ಅದು ಬೀಗ ತೆರೆಯುತ್ತಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟ ಹಾಗೆ.

ಮತ್ತು ಮುಟ್ಟುವ ಮೊದಲು ಪ್ರತಿ ತೆಗೆದಿಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಪ್ರಸಿದ್ಧ ಸಂಸ್ಥೆಯ ಎಂಜಿನಿಯರ್ ಒಬ್ಬರು ತೊಂದರೆ ಸರಿಪಡಿಸುವಾಗ ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ತಡೆಯುವಷ್ಟರಲ್ಲಿ ಸುಮಾರು 300 ಜಿಬಿ ಮಾಹಿತಿಯಲ್ಲಿ 4.5 ಜಿಬಿಯಷ್ಟೇ ಉಳಿದಿತ್ತು. ನಿತ್ಯವೂ ಆಗುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ನೋಡಿದರೆ ಆಗುತ್ತಲೇ ಇರಲಿಲ್ಲ. ಸುಮಾರು 6 ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿಯಿಂದ ಉಳಿದದ್ದನ್ನು ಮರಳಿ ಪಡೆದರು, ನಡುವಿನ ಮಾಹಿತಿ ಹೋಯಿತು. ಆದರೆ ಆ ಸಂಸ್ಥೆ ಒಂದು ಒಳ್ಳೆಯ ಕೆಲಸ ಮಾಡಿತು. ಎಲ್ಲಿ ಎಡವಿದೆವು ಎಂಬುದನ್ನು ಮುಚ್ಚಿಡದೆ ಎಲ್ಲರ ಮುಂದೆ ಬರೆದಿಟ್ಟಿತು. ನಿಮ್ಮ ಬ್ಯಾಕಪ್ಪನ್ನೂ ಆಗಾಗ ಬೇರೊಂದು ಕಡೆ ತೆರೆದು ನೋಡಿರಿ. ತೆರೆದು ನೋಡದ ಬ್ಯಾಕಪ್ಪಿನ ಮೇಲೆ ಭರವಸೆ ಇಡಲಾಗದು.

ನಾವೂ ಅದನ್ನೇ ಮಾಡಬೇಕಾಗಿತ್ತು. ಸಮಿತಿಗೆ ವಿಷಯ ತಿಳಿಸಿದೆವು. ಸಂದರ್ಶನ ಇನ್ನೂ ಆಗಿರಲಿಲ್ಲ, ಮೂರು ಹೆಸರುಗಳನ್ನೂ ಸೇರಿಸಿದರು. ಫೋನಿನಲ್ಲಿ ಹೇಳಿದರೆ ಸಾಲದೆನಿಸಿ ಸಂಜೆ ಆ ಮನೆಗೆ ಹೋದೆ. “ತಪ್ಪು ನಿಮ್ಮ ಮಗಳದ್ದಲ್ಲ. ನಮ್ಮ ಗಡಿಯಾರದ್ದು, ನೋಡದೆ ಮಾತಾಡಿದ ನನ್ನದು” ಎಂದೆ. ತಂದೆ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಮಗಳನ್ನು ಕರೆದು “ಉಸ್ತಾದ್ ಹೇಳಿದ್ದು ಕೇಳಿದೆಯಾ?” ಎಂದರು. ಅಷ್ಟೇ ಹೇಳಿದರು. ಆ ಸ್ವರದಲ್ಲಿ ಎಲ್ಲವೂ ಇತ್ತು.

ಹುಡುಗಿ ಮಾತ್ರ ಬೇರೆಯೇ ಕೇಳಿದಳು: “ಸರ್, ಆ ಐದೂವರೆ ಗಂಟೆ ಎಲ್ಲಿ ಹೋಗಿತ್ತು? ಅದನ್ನು ಹೇಗೆ ಕಂಡುಹಿಡಿದಿರಿ?” ಲಾಗಿನ ಆ ಸಾಲನ್ನು ನನ್ನ ಮೊಬೈಲಿನಲ್ಲಿ ತೋರಿಸಿದೆ. ಅವಳು ಅದೇ ನೋಟ್ ಪುಸ್ತಕ ತಂದು, ಅರ್ಜಿ ಸಂಖ್ಯೆಯ ಕೆಳಗೆ ಆ ಸಾಲನ್ನು ಬರೆದುಕೊಂಡಳು. ಸಂದರ್ಶನದಲ್ಲಿ ಅವಳು ಆಯ್ಕೆಯಾದಳು. ಅದು ಅವಳ ಅಂಕಗಳಿಂದ, ನಮ್ಮ ದಯೆಯಿಂದಲ್ಲ.

ಓದುಗರೇ, ಎಲ್ಲಿ ಅರ್ಜಿ ಹಾಕಿದರೂ ಸಂಖ್ಯೆಯನ್ನೂ ಸಮಯವನ್ನೂ ಬರೆದಿಡಿ. ಆ ಹುಡುಗಿಯ ಪುಸ್ತಕದಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ನಾವು ಹುಡುಕುತ್ತಲೇ ಇರಲಿಲ್ಲ. ನಿಮ್ಮ ಮಗನೋ ಮಗಳೋ ಇಂಥ ಪ್ರೋಗ್ರಾಮುಗಳನ್ನು ಬರೆಯುವವರಾಗಿದ್ದರೆ ಅವರಿಗೆ ಇದೊಂದು ಮಾತು ಹೇಳಿರಿ: ಯಾರಾದರೂ ‘ನಾನು ಸರಿಯಾಗಿಯೇ ತುಂಬಿದ್ದೆ’ ಎಂದರೆ, ಇಲ್ಲವೆನ್ನುವ ಮೊದಲು ಲಾಗ್ ತೆರೆದು ನೋಡಲಿ.